ನೂರಮ್ಮನ ಹೆಸರು ಹೋದದ್ದು

ಫೆಬ್ರವರಿ 9

ಮಗಳೇ,

ಅಸ್ಸಲಾಮು ಅಲೈಕುಮ್. ಫೋನಿನಲ್ಲಿ ಎರಡು ಮಾತಿಗಿಂತ ಹೆಚ್ಚು ಆಡದವಳು ಕಾಗದ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡ. ಫೋನು ಇರುವುದು ನಡುಮನೆಯಲ್ಲಿ, ನಡುಮನೆಯಲ್ಲಿ ಇರುವುದು ನಿನ್ನ ಚಿಕ್ಕಮ್ಮ. ನಾನು ಹಲೋ ಅಂದರೆ ಸಾಕು, ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಿಬಿಡುತ್ತಾಳೆ. ಅದಕ್ಕೇ ಹೊಲಿಗೆ ಯಂತ್ರದ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಕಳೆದ ವಾರ ಹಾಲಿನವನ ಅತ್ತೆ ತೀರಿಕೊಂಡರು. ನನ್ನನ್ನು ಕರೆದರು. ನಿನಗೆ ಹಲ್ಲು ಬರುವ ಮೊದಲಿನಿಂದಲೂ ಈ ಬೀದಿಯಲ್ಲಿ ಹೆಂಗಸರು ತೀರಿಕೊಂಡರೆ 'ನೀರಮ್ಮನ್ನ ಕರೀರಿ' ಅನ್ನುತ್ತಾರೆ. ಹೋಗುತ್ತೇನೆ, ಮಯ್ಯತ್ ತೊಳೆಯುತ್ತೇನೆ, ಕಫನ್ ಬಟ್ಟೆ ಉಡಿಸುತ್ತೇನೆ, ಮನೆಗೆ ಬಂದು ಅರ್ಧಕ್ಕೆ ಬಿಟ್ಟ ಪ್ಯಾಂಟಿನ ಅಂಚು ಹೊಲಿಯುತ್ತೇನೆ. ಇದರಲ್ಲಿ ಹೇಳುವಂಥದ್ದು ಏನಿದೆ? ಆದರೆ ಆ ದಿನ ನಿನ್ನ ಚಿಕ್ಕಮ್ಮ ಸಹಾಯಕ್ಕೆಂದು ಜೊತೆಗೆ ಬಂದಿದ್ದಳು. ಕೆಲಸ ಮುಗಿದದ್ದೇ ತಡ, ಹೊರಗೆ ಹೋಗಿ, "ನಮ್ಮಕ್ಕ ನೀರು ಹಾಕಿದ್ಮೇಲೆ ಮುಖದಲ್ಲಿ ನೂರ್ ಇಳಿದು ಬಂತು ಕಣ್ರೀ, ಬೆಳಕು ಅಂದ್ರೆ ಬೆಳಕು!" ಎಂದಳಂತೆ. ಆ ಕೋಣೆಯ ಕಿಟಕಿಗೆ ಹಾಲುಗಾಜು ಹಾಕಿಸಿದ್ದಾರೆ. ಮಧ್ಯಾಹ್ನದ ಬಿಸಿಲು ಅದರಿಂದ ಸೋಸಿ ಮುಖದ ಮೇಲೆ ಬೀಳುತ್ತಿತ್ತು. ಹಾಗೆ ಬಿದ್ದರೆ ಬಕೆಟ್ಟೂ ಹೊಳೆಯುತ್ತದೆ.

ಈಗ ನಾನು ನೀರಮ್ಮ ಅಲ್ಲ, ನೂರಮ್ಮ. ಗುಡಿಸು ತೆಗೆದು ಕೊಂಬು ಕೊಟ್ಟಿದ್ದಾರೆ. ಕೊಂಬು ಬಂದವರ ಗತಿ ಏನೆಂದು ನಿನಗೆ ಗೊತ್ತಲ್ಲ. ಮಹಿಳಾ ಸಮಿತಿಯವರು ಬಂದು, ವೇದಿಕೆಗೆ ಕರೆದು ಸನ್ಮಾನ ಮಾಡುತ್ತೇವೆ ಎಂದರು. ಹೆಣ ತೊಳೆದವಳಿಗೆ ಚಪ್ಪಾಳೆ! ನನಗೆ ಈ ಕೆಲಸ ಕಲಿಸಿದ ಮುದುಕಿ ಹೇಳುತ್ತಿದ್ದರು: "ಜನ ಹೊಗಳಿದಾಗ ಹೊಟ್ಟೆ ಮುಟ್ಟಿ ನೋಡ್ಕೋ. ತುಂಬಿದ್ರೆ, ಕೂಲಿ ಇಲ್ಲೇ ಸಿಕ್ಕಿಹೋಯ್ತು ಅಂತ ತಿಳ್ಕೋ. ಮೇಲೆ ಹೋಗಿ ಕೇಳೋಕೆ ಏನೂ ಉಳಿಯಲ್ಲ."

ಬರುವುದಿಲ್ಲ ಎಂದು ಹೇಳಿ ಕಳಿಸಿದೆ. ಇದರಲ್ಲಿ ನಿನ್ನ ಚಿಕ್ಕಮ್ಮನಿಗೆ ಏನು ಲಾಭ ಎಂದು ಯೋಚಿಸುತ್ತಿದ್ದೇನೆ. ಲಾಭವಿಲ್ಲದೆ ಅವಳು ಸೀನುವುದೂ ಇಲ್ಲ.

ಊಟ ಸರಿಯಾಗಿ ಮಾಡು.

ನಿನ್ನ ಅಮ್ಮ


ಫೆಬ್ರವರಿ 21

ಅಮ್ಮಾ,

ಸಲಾಂ. ಕಾಗದ ನಮ್ಮ ಹಲ್ಲು ಕಟ್ಟುವ ಲ್ಯಾಬಿನ ವಿಳಾಸಕ್ಕೆ ಬಂತು. ಪ್ಲಾಸ್ಟರಿನ ದವಡೆಗಳ ನಡುವೆ ಕೂತು ಓದಿದೆ. ಮುಂದೆ ಯಾರದೋ ಅಜ್ಜನ ಮೇಲ್ದವಡೆ, ಪಕ್ಕದಲ್ಲಿ ಯಾರದೋ ಅತ್ತೆಯ ಕೆಳದವಡೆ. ಎಲ್ಲರೂ ಬಾಯಿ ಬಿಟ್ಟುಕೊಂಡು ನಿನ್ನ ಕಥೆ ಕೇಳಿದರು.

ಒಂದು ಮಾತು ಕೇಳಲೇ? ಹೊಗಳಿಕೆ ಬೇಡ ಬೇಡ ಅನ್ನುತ್ತ ಕಾಗದದ ತುಂಬ ಅದನ್ನೇ ಬರೆದಿದ್ದೀಯ. ನಿಜವಾಗಿ ಬೇಡವಾಗಿದ್ದರೆ ಒಂದು ಸಾಲೂ ಬರೆಯುತ್ತಿರಲಿಲ್ಲವೇನೋ. ಕೋಪ ಮಾಡಿಕೊಳ್ಳಬೇಡ, ಹೊಟ್ಟೆ ಮುಟ್ಟಿ ನೋಡಿಕೋ ಎಂದು ನೀನೇ ಬರೆದದ್ದು.

ಚಿಕ್ಕಮ್ಮನಿಗೆ ಲಾಭ ಏನೋ ಗೊತ್ತಿಲ್ಲ, ನನಗಂತೂ ಆಗಿದೆ. ನಮ್ಮ ಲ್ಯಾಬಿನ ಲೆಕ್ಕದವರು ನನ್ನನ್ನು ಮದುವೆಯಾಗುತ್ತೇನೆ ಎಂದಿದ್ದನ್ನು ಹಿಂದೆ ಹೇಳಿದ್ದೆನಲ್ಲ. ಅವರ ತಾಯಿ ನಿವೃತ್ತ ಹೆಡ್ಮೇಡಂ. ಮೊದಲ ಸಲ ನನ್ನನ್ನು ನೋಡಿದಾಗ ಹಾಜರಿ ಕೂಗಿದ ಹಾಗೆ ಮಾತಾಡಿಸಿ ಕಳಿಸಿದ್ದರು. ಮೊನ್ನೆ ಯಾರೋ ಅವರ ಮೊಬೈಲಿಗೆ ನೂರಮ್ಮನ ಮಹಿಮೆ ಎಂದು ಏನೋ ಕಳಿಸಿದ್ದಾರೆ. "ಅಂಥ ತಾಯಿಯ ಮಗಳಾ! ಮೊದಲೇ ಹೇಳಬಾರದಿತ್ತಾ?" ಎಂದು ನನ್ನ ಕೈ ಹಿಡಿದುಕೊಂಡರು. ನಾನೂ ಬಿಡಿಸಿಕೊಳ್ಳಲಿಲ್ಲ.

ಸನ್ಮಾನಕ್ಕೆ ಹೋಗು ಅಮ್ಮ. ಹೋಗಿ ಸುಮ್ಮನೆ ಕೂತು ಬಾ. ನಿನ್ನ ಹೆಸರು ನನಗೊಂದು ಬಾಗಿಲು ತೆರೆದಿದೆ, ನೀನೇ ಹೋಗಿ ಅಗುಳಿ ಹಾಕಬೇಡ.

ನಿನ್ನ ಮಗಳು


ಮಾರ್ಚ್ 17

ಮಗಳೇ,

ಅಸ್ಸಲಾಮು ಅಲೈಕುಮ್. ನೀನು ಕೇಳಿದ ಪ್ರಶ್ನೆ ಮುಳ್ಳಿನ ಹಾಗೆ ಒಳಗೇ ಉಳಿದಿದೆ. ಕೇಳಿದ್ದು ಒಳ್ಳೆಯದಾಯಿತು. ಉತ್ತರ ನನಗೆ ಸಿಕ್ಕಿಲ್ಲ.

ಸನ್ಮಾನಕ್ಕೆ ಹೋಗಲಿಲ್ಲ. ಆ ಹೊತ್ತಿಗೆ ಇಲ್ಲಿ ಬೇರೆಯೇ ಆಯಿತು. ಬೇಕರಿಯವನ ಹೆಂಡತಿ ತೀರಿಕೊಂಡಳು. ನಿನಗೆ ನೆನಪಿರಬೇಕು, ಶಾಲೆಯಿಂದ ಬರುವಾಗ ಮುರಿದ ಬಿಸ್ಕತ್ತು ಕೈಗೆ ಹಾಕುತ್ತಿದ್ದಳಲ್ಲ, ಅವಳೇ. ಬಹಳ ದಿನದ ಕಾಯಿಲೆ. ನಾನು ತೊಳೆದು ಬಾಗಿಲು ತೆರೆದರೆ, ಹೊರಗೆ ಹೆಂಗಸರು ಸಾಲಾಗಿ ನಿಂತಿದ್ದಾರೆ! ಸತ್ತವಳಿಗಾಗಿ ದುಆ ಬೇಡಲು ಬಂದವರಲ್ಲ, ಫಲಿತಾಂಶ ಕೇಳಲು ಬಂದವರು.

"ಹೇಗಿತ್ತು ನೂರಮ್ಮ? ಬಂತಾ?"

"ಏನು ಬರೋದು?"

"ಅದೇ, ಬೆಳಕು."

ನಾನು, "ತೀರಿಕೊಂಡವರು ಹೇಗಿರ್ತಾರೋ ಹಾಗಿದ್ದಾರೆ, ದಾರಿ ಬಿಡಿ," ಎಂದೆ. ಅಷ್ಟೇ ಮಗಳೇ. ಆಡಿದ್ದು ಅಷ್ಟೇ. ಸಂಜೆಯೊಳಗೆ ಆ ಮಾತಿಗೆ ಕೈಕಾಲು ಬಂದವು. ನೂರಮ್ಮ ತೊಳೆದರೂ ಮುಖ ಬೆಳಗಲಿಲ್ಲವಂತೆ, ಏನು ಪಾಪ ಮಾಡಿದ್ದಳೋ, ಹಿಟ್ಟಿನಲ್ಲಿ ಏನು ಬೆರೆಸುತ್ತಿದ್ದಳೋ, ಗಂಡನಿಗೆ ಏನು ಮೋಸ ಮಾಡಿದ್ದಳೋ. ಸತ್ತವಳು ಎದ್ದು ಬಂದು ಜವಾಬು ಕೊಡಲು ಆಗುತ್ತದೆಯೇ? ಜನ ಬೇಕರಿ ದಾಟಿಕೊಂಡು ಮುಂದಿನ ಅಂಗಡಿಗೆ ಹೋಗುತ್ತಿದ್ದಾರೆ.

ನಾಲ್ಕಾರು ದಿನದ ಮೇಲೆ ಅವಳ ಮಗಳು ಬಂದಳು. ಕೂರಲಿಲ್ಲ. "ಒಂದೇ ಮಾತು ಹೇಳಿಬಿಡಿ. ಬೆಳಗಿತ್ತು ಅನ್ನಿ. ನಿಮಗೇನು ಖರ್ಚು?" ಎಂದಳು.

"ಒಳಗೆ ಕಂಡದ್ದನ್ನ ಹೇಳೋ ಹಾಗಿಲ್ಲಮ್ಮ. ಒಳ್ಳೆಯದೇ ಆಗಲಿ, ಇನ್ನೊಂದೇ ಆಗಲಿ, ಈ ಬೀದಿಯಲ್ಲಿ ನಾನು ಇನ್ನು ಬಾಯಿ ಬಿಡೋ ಹಾಗಿಲ್ಲ. ಇವತ್ತು ನಿನ್ನ ಅಮ್ಮನಿಗೆ ಬೆಳಕು ಅಂದರೆ, ನಾಳೆ ಇನ್ಯಾರದೋ ಅಮ್ಮನಿಗೆ ಕತ್ತಲೆ ಅಂದ ಹಾಗೆ."

"ಹಾಲಿನವರ ಮನೆಯವರಿಗೆ ಹೇಳಿದ್ರಲ್ಲ?"

"ನಾನಲ್ಲ ಹೇಳಿದ್ದು."

"ಅಲ್ಲ ಅಂತಲೂ ಹೇಳಲಿಲ್ಲ," ಎಂದು ಸಲಾಂ ಹೇಳದೆ ಹೊರಟುಹೋದಳು.

ಅವಳು ಹೇಳಿದ್ದು ನಿಜ. ಬಕೆಟ್ಟೂ ಹೊಳೆಯುತ್ತದೆ ಎಂದು ನಿನಗೆ ಬರೆದೆ, ಬೀದಿಯಲ್ಲಿ ನಿಂತು ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಈಗ ಹೇಳಿ ನೋಡಿದೆ. ಕಿಟಕಿ ತೋರಿಸಿದೆ. ಅದಕ್ಕೆ ಅವರು, "ನೋಡಿ, ಎಷ್ಟು ವಿನಯ!" ಎಂದರು. ನಾನು ತಳ್ಳಿದಷ್ಟೂ ಅದು ದೊಡ್ಡದಾಗುತ್ತದೆ. ಈ ಹೆಸರು ನನ್ನ ಮೇಲೆ ಕೂತಿದ್ದರೆ ಹೇಗೋ ಸಹಿಸುತ್ತಿದ್ದೆ. ಅದು ಹೋಗಿ ಬೇಕರಿಯವಳ ಗೋರಿಯ ಮೇಲೆ ಕೂತಿದೆ.

ನಿನ್ನ ಅಮ್ಮ


ಏಪ್ರಿಲ್ 8

ಚಿನ್ನಾ,

ನಿನ್ನ ಚಿಕ್ಕಮ್ಮನ ಸಲಾಂ. ನಾನು ಕಾಗದ ಬರೆಯುವವಳಲ್ಲ ಎಂದು ನಿನಗೆ ಗೊತ್ತು. ಬರೆಯುವ ಹಾಗೆ ನಿನ್ನ ಅಮ್ಮ ಮಾಡಿದ್ದಾಳೆ.

ಮರದ ಡಿಪೊ ಯಜಮಾನರ ತಾಯಿ ಹೋದರು. ದೊಡ್ಡ ಮನೆ, ದೊಡ್ಡ ಜನ. ನೂರಮ್ಮನೇ ಬೇಕು ಎಂದು ಕಾರು ಕಳಿಸಿದರು. ನಿನ್ನಮ್ಮ ಕಾರು ವಾಪಸ್ಸು ಕಳಿಸಿ ನಡೆದುಕೊಂಡು ಹೋದಳು, ಅದಿರಲಿ. ಮುದುಕಿಯ ಬೆರಳಿನಲ್ಲಿ ಹಳೆ ಕಾಲದ ಚಿನ್ನದ ಉಂಗುರ ಇತ್ತು, ಕಲ್ಲು ಕೂರಿಸಿದ್ದು. ನಾನು ಕಣ್ಣಾರೆ ನೋಡಿದ್ದೇನೆ. ತೊಳೆಯಲು ಒಳಗೆ ಒಯ್ಯುವಾಗ ಬೆರಳಲ್ಲಿತ್ತು, ಆಮೇಲೆ ಪತ್ತೆಯಿಲ್ಲ! ಮಣ್ಣಾದ ಮೇಲೆ ಯಜಮಾನರ ಹೆಂಡತಿ ಎಲ್ಲರೆದುರು, "ಉಂಗುರ ಎಲ್ಲಿ ನೂರಮ್ಮ?" ಎಂದು ಕೇಳಿದಳು. ನಿನ್ನಮ್ಮ ಕಂಬದ ಹಾಗೆ ನಿಂತಳು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. "ಬೆರಳಿಂದ ತೆಗೆದದ್ದು ನಾನೇ," ಎಂದಳು, ಅಷ್ಟೇ. ಮುಂದಕ್ಕೆ ತುಟಿ ಬಿಚ್ಚಲಿಲ್ಲ. ತೆಗೆದವಳು ಎಲ್ಲಿಟ್ಟೆ ಅನ್ನಬೇಕೋ ಬೇಡವೋ?

ನನಗೆ ತಲೆ ಎತ್ತಲು ಆಗುತ್ತಿಲ್ಲ. ಇಷ್ಟು ದಿನ ನಾನೇ ಅವಳ ಹೆಸರು ಮೇಲೆತ್ತಿದ್ದು. ನೂರಮ್ಮನ ತಂಗಿ ಎಂದು ನನಗೂ ನಾಲ್ಕು ಮನೆಯಲ್ಲಿ ಕುರ್ಚಿ ಹಾಕುತ್ತಿದ್ದರು. ಈಗ ನನ್ನನ್ನು ಕಂಡರೆ ಹೆಂಗಸರು ಬಳೆ ತಡವಿಕೊಳ್ಳುತ್ತಾರೆ. ನೀನು ಕೇಳಿದರೆ ಹೇಳುತ್ತಾಳೇನೋ ಕೇಳು. ನಿನ್ನ ಮದುವೆ ಮಾತು ನಡೆಯುತ್ತಿದೆ ಎಂದು ಅವಳಿಗೆ ಚಿಂತೆ ಇತ್ತು. ನಾನು ಏನೂ ಹೇಳುತ್ತಿಲ್ಲ. ನೀನು ಬುದ್ಧಿವಂತೆ.

ನಿನ್ನ ಚಿಕ್ಕಮ್ಮ


ಏಪ್ರಿಲ್ 13

ಅಮ್ಮಾ,

ಚಿಕ್ಕಮ್ಮ ಬರೆದಿದ್ದಾರೆ. ಸುತ್ತಿ ಬಳಸಿ ಕೇಳಲು ನನಗೆ ಬರುವುದಿಲ್ಲ.

ಉಂಗುರ ತೆಗೆದುಕೊಂಡೆಯಾ?

ನನಗಾಗಿ ತೆಗೆದುಕೊಂಡೆಯಾ?

ಇಲ್ಲ ಎಂದಾದರೆ ಅಲ್ಲಿಯೇ ಇಲ್ಲ ಎಂದು ಯಾಕೆ ಹೇಳಲಿಲ್ಲ? ಇಲ್ಲ ಅನ್ನಲು ಎಷ್ಟು ಉಸಿರು ಬೇಕು? ಹಿಂದಿನ ಕಾಗದ ಮತ್ತೆ ಓದಿದೆ. ಹೆಸರು ಭಾರ ಎಂದು ಬರೆದಿದ್ದೀಯ. ಆ ಭಾರ ಇಳಿಸಲು ಇದೇ ದಾರಿ ಎಂದು ಹೂಡಿದ ಆಟವೇ ಇದು? ಹಾಗಿದ್ದರೆ ಅದು ವಿನಯ ಅಲ್ಲ ಅಮ್ಮ, ಕಳ್ಳಿ ಅನ್ನಿಸಿಕೊಂಡು ಒಳಗೊಳಗೇ ಸಂತ ಆಗುವ ಜಂಭ.

ಹೆಡ್ಮೇಡಂ ಕಿವಿಗೂ ಸುದ್ದಿ ಬಿದ್ದಿದೆ. ಹೊಗಳಿಕೆ ಬಂದ ಮೊಬೈಲಿಗೇ ಇದೂ ಬಂತು. ನಿನ್ನ ಹೆಸರನ್ನು ನೀನು ಏನು ಬೇಕಾದರೂ ಮಾಡಿಕೋ. ಅದರ ಒಂದು ತುದಿ ನನಗೂ ಕಟ್ಟಿದೆ ಎಂಬುದು ನೆನಪಿರಲಿ.

ಬೇಗ ಬರೆ.


ಮೇ 4

ಅಮ್ಮಾ,

ಉತ್ತರ ಇಲ್ಲ. ಫೋನು ಮಾಡಿದರೆ ಚಿಕ್ಕಮ್ಮ ಎತ್ತುತ್ತಾರೆ, "ಹೊಲೀತಾ ಇದ್ದಾಳೆ" ಅನ್ನುತ್ತಾರೆ. ಇಷ್ಟು ದಿನ ಏನು ಹೊಲಿಯುತ್ತಿದ್ದೀಯ, ಬಾಯನ್ನೇ?

ಇಲ್ಲಿ ಲ್ಯಾಬಿನಲ್ಲಿ ಲೆಕ್ಕದವರು ನನ್ನ ಮೇಜಿನ ಹತ್ತಿರ ಬರುವುದನ್ನು ಬಿಟ್ಟಿದ್ದಾರೆ. ಬಿಲ್ಲುಗಳನ್ನು ಬೇರೆಯವರ ಕೈಯಲ್ಲಿ ಕಳಿಸುತ್ತಾರೆ.

ನೀನು ತೆಗೆದಿದ್ದರೂ ನನ್ನ ಅಮ್ಮನೇ. ಆದರೆ ನನಗೆ ಗೊತ್ತಿರಬೇಕು.

ನಿನ್ನ ಮಗಳು


ಮೇ 22

ಮಗಳೇ,

ಅಸ್ಸಲಾಮು ಅಲೈಕುಮ್. ತಡವಾಯಿತು. ನಿನ್ನ ಮಾತುಗಳಿಗೆ ನೊಂದು ಸುಮ್ಮನಿದ್ದೆ ಎಂದು ತಿಳಿಯಬೇಡ. ಬರೆಯಲು ಕೂತಾಗಲೆಲ್ಲ ನನ್ನ ಕಾಗದ ನನ್ನನ್ನೇ ಹೊಗಳುತ್ತಿತ್ತು. ಹರಿದು ಹಾಕುತ್ತಿದ್ದೆ. ಈಗ ಬರುವಷ್ಟು ಬರಲಿ ಎಂದು ಕೂತಿದ್ದೇನೆ.

ಉಂಗುರ ನಾನು ಇಟ್ಟುಕೊಂಡಿಲ್ಲ. ನಿನಗಾಗಿಯೂ ಇಲ್ಲ.

ಆ ಕೋಣೆಯಲ್ಲಿ ಮೂವರಿದ್ದೆವು. ಒಬ್ಬರು ಮಲಗಿದ್ದರು. ನಿನ್ನ ಚಿಕ್ಕಮ್ಮನನ್ನು ನಾನು ಒಳಗೆ ಬಿಟ್ಟಿರಲಿಲ್ಲ. ಬೆರಳು ಊದಿತ್ತು, ಸೋಪು ಹಚ್ಚಿ ಮೆಲ್ಲಗೆ ಉಂಗುರ ತೆಗೆದು ಆ ಇನ್ನೊಬ್ಬರ ಅಂಗೈಯಲ್ಲಿಟ್ಟೆ. ಅವಳು ಮುಷ್ಟಿ ಮುಚ್ಚಿ, ಮುಷ್ಟಿಯ ಮೇಲೆ ಹಣೆಯಿಟ್ಟು ಅತ್ತಳು. ಹೆತ್ತ ತಾಯಿ ಹೋದರೆ ಮಗಳು ಅಳಬೇಡವೇ? ಹೊರಗೆ ಬಂದಾಗ ಬೀರುವಿನ ಕೀಲಿಗೊಂಚಲು ಆಗಲೇ ಅವಳ ಅತ್ತಿಗೆಯ, ಅದೇ ಯಜಮಾನರ ಹೆಂಡತಿಯ ಸೊಂಟದಲ್ಲಿತ್ತು. ಇನ್ನು ತಾಯಿಯದು ಎಂದು ಅವಳಿಗೆ ಏನೂ ಸಿಗುವ ಹಾಗಿರಲಿಲ್ಲ. ಉಂಗುರ ಎಲ್ಲಿ ಎಂದು ಅತ್ತಿಗೆ ನನ್ನನ್ನು ಕೇಳಿದಾಗ ಆ ಮಗು ನೆಲ ನೋಡುತ್ತಿತ್ತು. ಮಗು ಎಂದೆ, ಅವಳಿಗೂ ಮಕ್ಕಳಿದ್ದಾರೆ.

ಅವಳ ಕೈಗೆ ಕೊಟ್ಟೆ ಎಂದು ಹೇಳಲು ಬಾಯಿ ತೆರೆದೆ, ನಿನಗೆ ಸುಳ್ಳು ಯಾಕೆ ಹೇಳಲಿ? ಅಷ್ಟರಲ್ಲಿ ಗುಂಪಿನಲ್ಲಿ ಯಾರೋ, "ಛೇ, ನೂರಮ್ಮನಾ? ಸಾಧ್ಯವೇ ಇಲ್ಲ," ಎಂದರು. ಅವರ ಪಕ್ಕದವಳು, "ಯಾರಿಗೆ ಗೊತ್ತು? ಅವಳೂ ಮನುಷ್ಯಳೇ," ಎಂದಳು. ಆ ಎರಡನೆಯ ಮಾತು ಕಿವಿಗೆ ಬಿದ್ದಾಗ, ಬಿಸಿಲಿನಲ್ಲಿ ನಡೆದು ಬಂದವಳ ಪಾದಕ್ಕೆ ನೀರು ಹೊಯ್ದ ಹಾಗಾಯಿತು. ಬಾಯಿ ತಾನಾಗಿ ಮುಚ್ಚಿತು. ಅವಳ ಗುಟ್ಟು ಕಾಯಲು ಮುಚ್ಚಿತೋ, ನನ್ನ ಹೊರೆ ಇಳಿಯಲೆಂದು ಮುಚ್ಚಿತೋ, ನೀನು ಹೇಳುವ ಜಂಭಕ್ಕೆ ಮುಚ್ಚಿತೋ, ಮೂರೂ ಇರಬಹುದು. ಸತ್ತವರದನ್ನು ಮುಚ್ಚಬೇಕು ಎಂದು ಕಲಿತವಳು ನಾನು. ಬದುಕಿದವರ ವಿಷಯಕ್ಕೂ ಅದೇ ನಿಯಮವೇ? ಇಮಾಮರನ್ನು ಕೇಳೋಣವೆಂದರೆ, ಕೇಳಿದ ಗಳಿಗೆಯಲ್ಲೇ ಗುಟ್ಟು ಹೊರಬೀಳುತ್ತದೆ.

ಅದಾದ ಮೇಲೆ ಯಾರೂ ಬರುವುದಿಲ್ಲ. ಪ್ಯಾಂಟುಗಳೂ ಬರುವುದಿಲ್ಲ. ಬಂದವಳು ಒಬ್ಬಳೇ, ಬೇಕರಿಯವಳ ಮಗಳು. ಸಂಜೆ ಬಂದು, ಈ ಸಲ ಕೂತಳು. "ನೀವು ಕದ್ದಿರೋ ಇಲ್ಲವೋ, ಅಲ್ಲಾಹನಿಗೆ ಗೊತ್ತು. ನನಗೆ ಬೇಡ," ಎಂದಳು. "ಆದ್ರೆ ಈಗ ಜನ ಏನಂತಾರೆ ಗೊತ್ತಾ? 'ಕಳ್ಳಿ ಕೈಯಲ್ಲಿ ತೊಳೆಸಿದ್ರೆ ಯಾವ ಮುಖ ತಾನೇ ಬೆಳಗುತ್ತೆ, ಪಾಪ, ಬೇಕರಿಯಮ್ಮನ ತಪ್ಪೇನು' ಅಂತಾರೆ. ಅಂಗಡಿಗೆ ಬರ್ತಿದ್ದಾರೆ." ಆಮೇಲೆ ಅಳಲು ಶುರು ಮಾಡಿದಳು. "ನಿಮ್ಮ ಮಾನ ಹೋಗಿದ್ದಕ್ಕೆ ನನಗೆ ಖುಷಿಯಾಯ್ತು. ಅದಕ್ಕೇ ಮಾಫಿ ಕೇಳೋಕೆ ಬಂದೆ."

ನನಗೂ ಖುಷಿಯಾಯಿತು ಎಂದು ಹೇಳಿದರೆ ನಂಬುತ್ತಾಳೆಯೇ? ಒಂದು ಲೋಟ ನೀರು ಕೊಟ್ಟೆ. ಕುಡಿದಳು. ಕಳ್ಳಿಯ ಮನೆಯ ನೀರು ಎಂದು ತಿಳಿದೂ ಕುಡಿದಳು ಮಗಳೇ. ಅಂಥ ಮಾನ ನನಗೆ ನೂರಮ್ಮ ಆಗಿದ್ದಾಗಲೂ ಯಾರೂ ಕೊಟ್ಟಿರಲಿಲ್ಲ.

ಡಿಪೊ ಮನೆಯ ಆ ಇನ್ನೊಬ್ಬಳು ಮೊನ್ನೆ ಮಸೀದಿಯ ಹಿಂದಿನ ಓಣಿಯಲ್ಲಿ ಸಿಕ್ಕಳು. ಅಣ್ಣನಿಗೆ ಹೇಳಿಬಿಡ್ತೀನಿ ಎಂದಳು. "ನನ್ನ ಸಲುವಾಗಿ ಹೇಳಬೇಡ, ನಿನ್ನ ಮನಸ್ಸಿಗೆ ತಡೆಯಲಾರದಾದ್ರೆ ಹೇಳು," ಎಂದೆ. ಹೇಳಿದರೆ ಏನಾಗುತ್ತದೆ ಎಂದು ನನಗೆ ಭಯ. ನೂರಮ್ಮ ಹೋಗಿ ಇನ್ನೂರಮ್ಮ ಆಗುತ್ತೇನೆ.

ಆದರೆ ನಿನ್ನ ಮಾತು ಸರಿ. ನನ್ನ ಹೆಸರಿನ ತುದಿ ನಿನಗೆ ಕಟ್ಟಿದೆ, ಅದನ್ನು ನಾನು ಯೋಚಿಸಲಿಲ್ಲ. ನಿನ್ನದನ್ನು ದಾನ ಮಾಡುವ ಹಕ್ಕು ನನಗಿಲ್ಲ. ನಿನಗೆ ಬೇಕಾದವರಿಗೆ ಈ ಕಾಗದ ತೋರಿಸು. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ನಿನಗೆ ಗೊತ್ತಾಗದ ಹಾಗೆ ಮಾಡಿಕೊಳ್ಳುತ್ತೇನೆ.

ನಿನ್ನ ಅಮ್ಮ


ಜೂನ್ 16

ಅಮ್ಮಾ,

ಸಲಾಂ. ನಿನ್ನ ಕಾಗದವನ್ನು ಚೀಲದಲ್ಲಿಟ್ಟುಕೊಂಡೇ ಹೆಡ್ಮೇಡಂ ಮನೆಗೆ ಹೋದೆ. ಅವರೇ ಕರೆಸಿದ್ದರು. ತೋರಿಸಲೆಂದೇ ಇಟ್ಟುಕೊಂಡಿದ್ದೆ, ನಿನ್ನ ಹತ್ತಿರ ಮುಚ್ಚಿಡುವುದಿಲ್ಲ.

ಒರೆಸಿ ಒರೆಸಿ ಸವೆದ ಮನೆ ಅದು. ಮಗ ಒಂದು ಮೂಲೆಯಲ್ಲಿ ಕೂತು ಪೇಪರಿನ ಒಂದೇ ಪುಟ ಓದುತ್ತಿದ್ದರು. ಚಹಾ ಕೊಟ್ಟು, ಮೇಡಂ ಕೇಳಿದರು:

"ಈಗ ಸುದ್ದಿಯಲ್ಲಿರೋ ಆ ನೂರಮ್ಮ, ಅವರೂ ನಿನ್ನ ತಾಯಿನೇ ತಾನೇ?"

"ಹೌದು. ನೀರಮ್ಮ ಅಂತಾರೆ. ಅವರ ಮಗಳೇ ನಾನು."

"ಉಂಗುರದ ವಿಷಯ ಏನೇನೋ ಕೇಳಿದೆ. ನಾನು ನಂಬೋಳಲ್ಲ. ಏನಾಯ್ತು ಅಂತ ನೀನೇ ಒಂದು ಮಾತು ಹೇಳಿಬಿಡು. ಇಲ್ಲಿಗೇ ಮುಗಿಸಿಬಿಡೋಣ."

ಅಮ್ಮ, ಆ ಕಥೆ ನನ್ನ ನಾಲಿಗೆಯ ಮೇಲೆ ಸಕ್ಕರೆಯ ಹಾಗೆ ಕರಗುತ್ತಿತ್ತು. ಹೇಗೆ ಶುರು ಮಾಡಬೇಕು, ಎಲ್ಲಿ ದನಿ ಇಳಿಸಬೇಕು, ಆ ಹುಡುಗಿ ನೀರು ಕುಡಿದಳು ಎಂಬಲ್ಲಿ ಎಷ್ಟು ಹೊತ್ತು ಸುಮ್ಮನಿರಬೇಕು, ಎಲ್ಲವೂ ತಯಾರಾಗಿತ್ತು. ಮೇಡಂ ಕಣ್ಣೀರು ಒರೆಸಿಕೊಳ್ಳುವುದೂ ಕಾಣುತ್ತಿತ್ತು. ನಾಳೆ ಅದು ಅವರ ಮೊಬೈಲಿನಿಂದ ಎಲ್ಲೆಲ್ಲಿಗೆ ಹೋಗುತ್ತದೆ ಎನ್ನುವುದೂ. ಆಗ ಅನುಮಾನ ಬಂತು: ಇದನ್ನು ನಾನು ನಿನಗಾಗಿ ಹೇಳುತ್ತಿದ್ದೇನೋ, ಈ ಮನೆಯ ಸೋಫಾದ ಮೇಲೆ ನನಗೊಂದು ಜಾಗಕ್ಕಾಗಿಯೋ? ನಿನ್ನ ರೋಗ ನನಗೂ ಅಂಟಿದೆ.

"ಅಮ್ಮನ ವಿಷಯ ನಾನು ಹೇಳೋಕಾಗಲ್ಲ ಮೇಡಂ," ಎಂದೆ.

"ತಪ್ಪು ಮಾಡಿಲ್ಲ ಅಂದ್ರೆ ಹೇಳೋಕೇನಮ್ಮ?"

ಚಹಾ ಕುಡಿದು ಮುಗಿಸಿದೆ.

ಮಾರನೇ ದಿನ ಲ್ಯಾಬಿನಲ್ಲಿ ಅವರ ಮಗ ನನ್ನ ಮೇಜಿಗೆ ಬಂದರು. "ನನಗೆ ನಿಮ್ಮ ಮೇಲೆ ಪೂರ್ತಿ ನಂಬಿಕೆ ಇದೆ. ಅಮ್ಮನಿಗೆ ಮಾತ್ರ..." ಎಂದರು.

"ನನ್ನ ಮೇಲೆ ಇದೆ. ನನ್ನ ಅಮ್ಮನ ಮೇಲೆ?"

ಅವರು ಒಂದು ದವಡೆಯನ್ನು ಕೈಗೆತ್ತಿಕೊಂಡು, ನೋಡಿ, ಮತ್ತೆ ಅಲ್ಲೇ ಇಟ್ಟರು. ಮಾತು ಅಲ್ಲಿಗೆ ಮುಗಿಯಿತು. ಮದುವೆಯೂ ಮುರಿದ ಹಾಗೆಯೇ. ಆ ರಾತ್ರಿ ಅತ್ತುಬಿಟ್ಟೆ. ನಿನ್ನನ್ನು ಬೈದುಕೊಂಡೇ ಅತ್ತೆ.

ನಿನ್ನ ಮೇಲೆ ಅನುಮಾನ ಪೂರ್ತಿ ಹೋಗಿಲ್ಲ. ಉಂಗುರದ್ದಲ್ಲ, ಅದು ಹೋಯಿತು. ಮಾನ ಹೋಗುವಾಗ ನಿನ್ನ ಪಾದಕ್ಕೆ ಬಿತ್ತಲ್ಲ, ಆ ತಂಪಿನ ಅನುಮಾನ. ಆದರೆ ಮೇಡಂ ಮನೆಯಿಂದ ಹೊರಗೆ ಬಂದು ಬಸ್ಸಿಗೆ ಕಾಯುವಾಗ, ಹೇಳದೆ ಬಂದ ಮಾತು ಎದೆಯಲ್ಲಿ ಬೆಚ್ಚಗೆ ಕೂತಿತ್ತು. ಅದನ್ನು ನಿನ್ನೊಬ್ಬಳಿಗಾದರೂ ಹೇಳಬೇಕು ಅನ್ನಿಸಿತು.

ನಿನ್ನ ಮಗಳು


ಜುಲೈ 2

ಮಗಳೇ,

ಅಸ್ಸಲಾಮು ಅಲೈಕುಮ್. ನಿನ್ನ ಕಾಗದ ಬಂತು.

ಡಿಪೊ ಮನೆಯವಳು ಅಣ್ಣನಿಗೆ ಹೇಳಲಿಲ್ಲ. ಗಂಡನ ಮನೆಗೆ ಹೊರಟುಹೋದಳು. ಹೋಗುವ ಮುಂಚೆ ನಮ್ಮ ಬಾಗಿಲ ಹತ್ತಿರ ಒಂದು ಗಳಿಗೆ ನಿಂತದ್ದನ್ನು ಕಿಟಕಿಯಿಂದ ನೋಡಿದೆ. ತಟ್ಟಲಿಲ್ಲ. ನಾನೂ ತೆರೆಯಲಿಲ್ಲ. ನಿನ್ನ ಚಿಕ್ಕಮ್ಮ ಈಗ ಬೇರೆ ಯಾರದೋ ಮಹಿಮೆ ಹಿಡಿದಿದ್ದಾಳೆ, ಮೂಳೆ ಕೂರಿಸುವವನದಂತೆ. ಅವನಿಗಾಗಿ ದುಆ ಮಾಡುತ್ತಿದ್ದೇನೆ.

ಮಯ್ಯತ್ ತೊಳೆಯಲು ಈಗ ಬೇರೆ ಇಬ್ಬರನ್ನು ಕರೆಯುತ್ತಾರೆ. ಮೊನ್ನೆ ಅವರಿಬ್ಬರೂ ಇರಲಿಲ್ಲ. ವೃದ್ಧಾಶ್ರಮದಲ್ಲಿ ಯಾರೂ ಇಲ್ಲದ ಒಬ್ಬ ಹೆಂಗಸು ತೀರಿಕೊಂಡಿದ್ದಳು. ವಿಧಿಯಿಲ್ಲದೆ ನನ್ನನ್ನು ಕರೆದರು. ಕೈ ನೋಡುತ್ತಲೇ ಒಳಗೆ ಬಿಟ್ಟರು. ತೊಳೆದು, ಉಡಿಸಿ, ಬಾಗಿಲು ತೆರೆದೆ. ಹೊರಗೆ ಯಾರೂ ಕಾದಿರಲಿಲ್ಲ. ಹೇಗಿತ್ತು ಎಂದು ಯಾರೂ ಕೇಳಲಿಲ್ಲ. ನೀನೂ ಕೇಳಬೇಡ.

ನಿನ್ನ ಮದುವೆ ಮುರಿದದ್ದಕ್ಕೆ ನನಗೆ ಸಂಕಟವಿದೆ. ಅದಕ್ಕೆ ಮಾಫಿ ಕೇಳುತ್ತೇನೆ. ನೀನು ಕೊಟ್ಟರೆ ಕೊಡು, ಅವಸರವಿಲ್ಲ.

ಇನ್ನೊಂದು ಮಾತು. ಆ ಮನೆಯಲ್ಲಿ ನೀನು ಹೇಳದೆ ಬಂದೆಯಲ್ಲ, ಅದನ್ನು ಯಾರಿಗೂ ಹೇಳಬೇಡ. ನಿಜ ಹೇಳಬೇಕೆಂದರೆ, ನನಗೂ ಹೇಳಬಾರದಿತ್ತು. ಹೇಳಿದಷ್ಟೂ, ಮೇಲೆ ನಿನಗೆ ಸಿಗಬೇಕಾದ ಕೂಲಿ ಕಡಿಮೆಯಾಯಿತು. ಅದಕ್ಕೇ ನಿನ್ನ ಕಾಗದವನ್ನು ಒಲೆಗೆ ಹಾಕಿದೆ.

ಹಾಕುವ ಮೊದಲು ಎರಡು ಸಲ ಓದಿದೆ. ಹೊಟ್ಟೆ ಮುಟ್ಟಿ ನೋಡಿಕೊಂಡೆ, ತುಂಬಿತ್ತು. ಅಲ್ಲಾಹ್ ಕ್ಷಮಿಸಲಿ.

ನಿನ್ನ ಅಮ್ಮ